ತೊಡೆಯ ಮೇಲಿನ ಮಗು

ನನ್ನ ಸೋದರಮಾವನಿಗೆ ಎಣಿಸುವ ಚಟ. ನಮ್ಮ ಮನೆಗೆ ಬಂದರೆ ಮೊದಲು ಬಾಗಿಲ ಹೊರಗಿನ ಚಪ್ಪಲಿ ಎಣಿಸುತ್ತಾರೆ, ಆಮೇಲೆ ಒಳಗಿನ ತಲೆ ಎಣಿಸುತ್ತಾರೆ, ಎರಡೂ ತಾಳೆಯಾದ ಮೇಲೆಯೇ ಕುರ್ಚಿ ಎಳೆದು ಕೂರುವುದು. ಒಮ್ಮೆ ಒಂದು ಜೊತೆ ಹೆಚ್ಚಿಗೆ ಕಂಡು ಬಚ್ಚಲುಮನೆಯವರೆಗೂ ಹುಡುಕಿ ಬಂದರು. ನಮ್ಮವರ ಹಳೆಯ ಚಪ್ಪಲಿ, ಎಸೆಯಲು ಸೋಮಾರಿತನ, ಅಷ್ಟೇ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರೂ ಹೇಳುತ್ತಾರೆ. ಊಟಕ್ಕೆ ತಟ್ಟೆ ಹಾಕಿ ಕಾಯುತ್ತಿರುವಾಗ ಒಬ್ಬ ಮನುಷ್ಯ ಚಪ್ಪಲಿ ಎಣಿಸುತ್ತ ನಿಂತರೆ ಯಾರಿಗೆ ತಾನೇ ಬರುವುದಿಲ್ಲ. ಮಕ್ಕಳು ಅವರಿಗೆ ಎಣಿಸೋ ತಾತ ಎಂದು ಹೆಸರಿಟ್ಟಿದ್ದವು.

ಮಾವ ವ್ಯಾನ್ ಓಡಿಸುವವರು. ಮೂವತ್ತೊಂದು ಚಳಿಗಾಲ ಒಂದೇ ಬೆಟ್ಟದ ರಸ್ತೆ. ಶನಿವಾರ, ಭಾನುವಾರ ಊರಿನ ಸಂಸಾರಗಳನ್ನು ಮಕ್ಕಳುಮರಿ ಸಮೇತ ಮೇಲಕ್ಕೆ ಕರೆದೊಯ್ಯುವುದು, ಅಂಚು ಹೆಪ್ಪುಗಟ್ಟಿದ ಜಲಪಾತ, ಕೂಗಿದರೆ ಮರುದನಿ ಕೊಡುವ ಬಂಡೆ, ಕಣಿವೆ ನೋಡಲು ತುದಿಯಲ್ಲಿ ಕಟ್ಟಿದ ಕಟಕಟೆ, ಇಷ್ಟು ತೋರಿಸಿ ಸಂಜೆಯೊಳಗೆ ಕೆಳಗಿಳಿಸುವುದು. ನಲವತ್ತಮೂರು ತಿರುವು ಎಂದು ಅವರೇ ಎಣಿಸಿ ಇಟ್ಟಿದ್ದಾರೆ. ವ್ಯಾನಿನಲ್ಲಿ ಹಾಡು ಹಾಕುವುದಿಲ್ಲ. ಹಿಂದಿನ ಸೀಟುಗಳನ್ನು ವಾರಕ್ಕೊಮ್ಮೆ ಕಳಚಿ ಒಣಗಿಸುತ್ತಾರೆ. ಅಷ್ಟು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ ಗಾಡಿಗೆ.

ಅವರ ವ್ಯಾನಿಗೆ ಎರಡು ಕಟ್ಟಳೆ ಇದ್ದವು, ಎರಡೂ ಜನರ ತಲೆ ತಿನ್ನುವಂಥವು. ಬೇರೆ ಗಾಡಿಗಳಲ್ಲಿ ತೊಡೆಯ ಮೇಲೆ ಕೂತ ಮಗು ಲೆಕ್ಕಕ್ಕಿಲ್ಲ, ಅದಕ್ಕೆ ಸೀಟೂ ಇಲ್ಲ. ಮಾವನ ವ್ಯಾನಿನಲ್ಲಿ ತೊಡೆಯ ಮೇಲೆ ಕೂರಿಸುವಂತೆಯೇ ಇಲ್ಲ. ಇನ್ನೂ ಕತ್ತು ನಿಲ್ಲದ ಕೂಸಿಗೂ ಒಂದು ಸೀಟು, ಪಕ್ಕದಲ್ಲಿ ಅಮ್ಮ ಕೈ ಅಡ್ಡ ಹಿಡಿದು ಕೂರಬೇಕು. ಎಷ್ಟು ತಾಯಂದಿರು ಅವರ ಜೊತೆ ಜಗಳ ಆಡಿ ಬೇರೆ ಗಾಡಿ ಹತ್ತಿದ್ದಾರೋ. ಎರಡನೆಯದು, ಮೇಲಿಂದ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಒಂದೊಂದು ತಲೆಯನ್ನೂ ಮುಟ್ಟಿ ಎಣಿಸುವುದು. ಬರೀ ಮುಟ್ಟಿದರೆ ಸಾಲದು, ಮುಟ್ಟಿಸಿಕೊಂಡ ಮಗು ಮಾತಾಡಬೇಕು. ಏನಾದರೂ ಸರಿ. ಹಸಿವು ಅನ್ನಲಿ, ತಾತ ನೀನು ಕೆಟ್ಟವನು ಅನ್ನಲಿ, ದನಿ ಕೇಳಬೇಕು. ಮಲಗಿದ್ದ ಮಕ್ಕಳನ್ನು ಎಬ್ಬಿಸಿ ಮಾತಾಡಿಸಿ ಅಳಿಸಿದ್ದೂ ಉಂಟು.

ಬೆಟ್ಟದ ಬುಡದಲ್ಲಿ ಕೋಟು ಬಾಡಿಗೆಗೆ ಕೊಡುವ ಒಂದು ಅಂಗಡಿಯಿದೆ. ನಡೆಸುವ ಹೆಂಗಸಿಗೆ ಐವತ್ತೇಳೋ ಐವತ್ತೆಂಟೋ. ಎಲ್ಲರೂ ಕೋಟಿನಮ್ಮ ಎನ್ನುತ್ತಾರೆ. ಮಕ್ಕಳ ಅಳತೆಯ ನೀಲಿ ಕೋಟು ಇಪ್ಪತ್ತೆಂಟು, ಕೆಂಪು ಉಣ್ಣೆ ಟೋಪಿ ಇಪ್ಪತ್ತೆಂಟು. ನಾನು ಮನೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿರುವವಳು. ಅವರ ಕೋಟುಗಳ ಜಿಪ್ ಕಿತ್ತರೆ ನನ್ನ ಹತ್ತಿರವೇ ಬರುತ್ತವೆ. ಆ ಇಪ್ಪತ್ತೆಂಟೂ ಒಂದಲ್ಲ ಒಂದು ಸಲ ನನ್ನ ಸೂಜಿಯ ಕೆಳಗೆ ಬಂದು ಹೋದವೇ. ಕೋಟಿನಮ್ಮನಿಗೂ ಮಾವನಿಗೂ ಮೂವತ್ತು ವರ್ಷದ ಪರಿಚಯ, ಆದರೆ ಇಬ್ಬರೂ ಒಂದು ಮಾತು ಹೆಚ್ಚಿಗೆ ಆಡಿದ್ದನ್ನು ನಾನು ನೋಡಿರಲಿಲ್ಲ. ಮಾವ ಇಷ್ಟು ಕೋಟು ಎನ್ನುತ್ತಾರೆ, ಅವರು ಅಷ್ಟು ತೆಗೆದುಕೊಡುತ್ತಾರೆ. ಸಂಜೆ ಮಾವ ಅಷ್ಟನ್ನೂ ಬೆಂಚಿನ ಮೇಲಿಡುತ್ತಾರೆ, ಅವರು ಎಣಿಸಿಕೊಳ್ಳುತ್ತಾರೆ. ಅಂಗಡಿಯಲ್ಲಿ ಅವರ ಕುರ್ಚಿ ಬೆಟ್ಟಕ್ಕೆ ಬೆನ್ನು ಹಾಕಿರುತ್ತದೆ. ಅಂಥ ನೋಟ ಬಿಟ್ಟು ಗೋಡೆ ನೋಡುತ್ತ ಕೂರುತ್ತಾರಲ್ಲ ಎಂದು ನನಗೆ ಸೋಜಿಗ ಅನಿಸುತ್ತಿತ್ತು.

ಆ ಶನಿವಾರ ನಾವು ಹೊರಟದ್ದು ನನ್ನ ಹಠಕ್ಕೆ. ಎರಡು ತಿಂಗಳು ಶಾಲೆಯ ಸಮವಸ್ತ್ರ ಹೊಲಿದು ಹೊಲಿದು ನನ್ನ ಬೆನ್ನು ಬಾಗಿತ್ತು. ಮಕ್ಕಳಿಗೆ ರಜೆ. ಮಾವನ ವ್ಯಾನ್ ಇರುವಾಗ ಊರವರೆಲ್ಲ ನೋಡಿದ ಬೆಟ್ಟ ನಮ್ಮ ಮಕ್ಕಳು ನೋಡಿಲ್ಲ ಎಂದು ನಾನು ಮೂತಿ ಉಬ್ಬಿಸಿದೆ. ಮಾವ ಬೇಸಿಗೆಯಲ್ಲಿ ಹೋಗೋಣ, ಮಂಜಿನ ಕಾಲ ಬೇಡ ಎಂದು ನುಣುಚಿಕೊಳ್ಳಲು ನೋಡಿದರು. ಬೇಸಿಗೆಯಲ್ಲಿ ಬೆಟ್ಟ ಯಾರು ನೋಡುತ್ತಾರೆ ಎಂದು ನಾನು ಬಾಯಿ ಮುಚ್ಚಿಸಿದೆ. ಕೊನೆಗೆ ಹೊರಟೆವು. ನಾನು, ನಮ್ಮವರು, ನನ್ನ ಅಕ್ಕ. ನನ್ನವು ಎರಡು ಮಕ್ಕಳು, ಅಕ್ಕನವು ಮೂರು, ಒಟ್ಟು ಐದು. ನನ್ನ ಚಿಕ್ಕವನಿಗೆ ಆಗ ನಾಲ್ಕು ವರ್ಷ, ಎಲ್ಲರಿಗಿಂತ ಸಣ್ಣವನು.

ಮಾವನಿಗೆ ಅವತ್ತು ಗಂಟಲು ಕಟ್ಟಿತ್ತು. ಮಾತಾಡಿದರೆ ಬರೀ ಗಾಳಿ ಬರುತ್ತಿತ್ತು. ಕತ್ತಿಗೆ ಮಫ್ಲರ್ ಸುತ್ತಿಕೊಂಡು, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಂಡು ಓಡಿಸಿದರು. ಬುಡದಲ್ಲಿ ಐದು ಕೋಟು, ಐದು ಟೋಪಿ ತೆಗೆದುಕೊಂಡೆವು. ಕೋಟಿನಮ್ಮ ನನ್ನ ಚಿಕ್ಕವನಿಗೆ ತಾವೇ ಜಿಪ್ ಎಳೆದು, ಟೋಪಿಯನ್ನು ಕಿವಿ ಮುಚ್ಚುವಂತೆ ಸರಿಮಾಡಿ, ಅವನ ಗಲ್ಲ ಹಿಡಿದು ಸ್ವಲ್ಪ ಹೊತ್ತು ಹಾಗೇ ನೋಡಿದರು. ಮಾವ ಅಷ್ಟರಲ್ಲಿ ವ್ಯಾನಿನತ್ತ ತಿರುಗಿಬಿಟ್ಟಿದ್ದರು.

ಬೆಳಗ್ಗೆ ಬಿಸಿಲಿತ್ತು. ಜಲಪಾತದ ಅಂಚಿನ ಗಾಜಿನಂಥ ಹೆಪ್ಪನ್ನು ಮಕ್ಕಳು ಕಲ್ಲಿನಿಂದ ಒಡೆದು ಚೀಪಿದವು. ನಮ್ಮವರು ಫೋಟೋ ತೆಗೆಯುತ್ತ ಒಂದು ಬೂಟು ನೀರಿಗೆ ಹಾಕಿಕೊಂಡು ಇಡೀ ದಿನ ಚಪ್ ಚಪ್ ಎನ್ನುತ್ತ ನಡೆದರು. ಮಧ್ಯಾಹ್ನದ ಹೊತ್ತಿಗೆ ಮರುದನಿಯ ಬಂಡೆಯ ಹತ್ತಿರ ಬಂದೆವು. ಮಾವ ವ್ಯಾನಿನಿಂದ ಇಳಿಯಲಿಲ್ಲ. ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ಓ ಎಂದು ಕೂಗಿದರು. ಪ್ರತಿ ಕೂಗಿಗೂ ಕಣಿವೆಯ ಆಚೆಯಿಂದ ಒಂದು ಓ ಬಂತು. ಐದೂ ಮುಗಿದು ಎಲ್ಲರೂ ಸುಮ್ಮನಾದ ಮೇಲೆ ಇನ್ನೊಂದು ಬಂತು. ತೀರ ಸಣ್ಣ ದನಿ. ಅಕ್ಕನ ದೊಡ್ಡ ಮಗ, ನಾನು ಎರಡನೇ ಸಲ ಕೂಗಲಿಲ್ಲ ಚಿಕ್ಕಮ್ಮ, ಎಂದ. ಬೆಟ್ಟದಲ್ಲಿ ಕೆಲವು ಸಲ ಮರುದನಿ ಎರಡೆರಡು ಬರುತ್ತದೆ ಎಂದು ನಾನು ಎಲ್ಲ ತಿಳಿದವಳ ಹಾಗೆ ಹೇಳಿದೆ.

ತುದಿಯ ಕಟಕಟೆಗೆ ಬರುವಾಗ ಮೂರೂವರೆ. ಬಂದ ಕಾಲು ಗಂಟೆಯಲ್ಲಿ ಕಣಿವೆಯಿಂದ ಮಂಜು ಎದ್ದು ಮೊದಲು ಕಟಕಟೆ, ಆಮೇಲೆ ಕಲ್ಲುಬೆಂಚು, ಆಮೇಲೆ ನಮ್ಮ ಕಾಲು ಕಾಣದ ಹಾಗೆ ಮಾಡಿತು. ಆ ರಸ್ತೆ ಕಿರಿದು. ನಾಲ್ಕರವರೆಗೆ ಮೇಲೆ ಹೋಗುವ ಗಾಡಿ, ಆಮೇಲೆ ಇಳಿಯುವ ಗಾಡಿ ಮಾತ್ರ, ಐದೂವರೆಗೆ ಕೆಳಗಿನ ಗೇಟು ಮುಚ್ಚುತ್ತಾರೆ. ಗಾಡಿಗಳೆಲ್ಲ ಒಟ್ಟಿಗೆ ಹೊರಟು ಹಾರನ್ ಹೊಡೆಯತೊಡಗಿದವು. ಮಾವ ವ್ಯಾನನ್ನು ಬದಿಗೆ ತಂದು ನಿಲ್ಲಿಸಿ, ಸ್ಟಿಯರಿಂಗ್ ಬಿಟ್ಟು ಇಳಿಯಲಾಗದೆ, ನನ್ನನ್ನು ಕಿಟಕಿಯ ಹತ್ತಿರ ಕರೆದರು. ಇಲ್ಲದ ದನಿಯಲ್ಲಿ ಕಷ್ಟಪಟ್ಟು, ನೀನು ಎಣಿಸು, ಮಾತಾಡಿಸಿ ಎಣಿಸು ಎಂದರು. ಮೂವತ್ತು ವರ್ಷದಲ್ಲಿ ಅವರು ಆ ಕೆಲಸ ಇನ್ನೊಬ್ಬರ ಕೈಗೆ ಕೊಟ್ಟದ್ದು ಅದೇ ಮೊದಲು.

ನಾನು ಹಿಂದಿನ ಬಾಗಿಲಲ್ಲಿ ತಲೆ ತೂರಿಸಿದೆ. ಒಳಗೆ ಮಬ್ಬು. ಹಿಂದಿನ ಎರಡು ಸಾಲಿನಲ್ಲಿ ಕೆಂಪು ಟೋಪಿ ಐದು. ಹಿಂದಿದ್ದ ಗಾಡಿಯವನು ಹಾರನ್ ಮೇಲಿಂದ ಕೈ ತೆಗೆಯುತ್ತಿರಲಿಲ್ಲ, ನನಗೆ ಚಳಿಯಲ್ಲಿ ಬೆರಳು ಮರಗಟ್ಟಿತ್ತು, ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ಟೋಪಿ ಎಣಿಸಿ ಬಾಗಿಲು ಹಾಕಿ ಬಂದು ಮುಂದೆ ಕೂತೆ.

ಮಾತಾಡಿಸಿದೆಯಾ ಎಂದು ಮಾವ ಕೇಳಿದರು.

ಹೂಂ ಎಂದೆ.

ಆ ಒಂದು ಹೂಂ ನನ್ನ ಜೀವಮಾನವಿಡೀ ನನ್ನ ಕಿವಿಯಲ್ಲಿರುತ್ತದೆ.

ಇಳಿಯತೊಡಗಿದೆವು. ಅಕ್ಕ ಮಧ್ಯದ ಸಾಲಿನಲ್ಲಿ ಕಣ್ಣು ಮುಚ್ಚಿದಳು, ನಮ್ಮವರು ಒದ್ದೆ ಬೂಟು ಬಿಚ್ಚಿ ಗೊರಕೆ ಶುರುಮಾಡಿದರು. ಹಿಂದೆ ಮಕ್ಕಳು ಏನೋ ಪದ ಕಟ್ಟುವ ಆಟ ಆಡುತ್ತಿದ್ದವು. ಒಂಬತ್ತೋ ಹತ್ತೋ ತಿರುವು ಕಳೆದಿರಬೇಕು. ಎದುರಿನ ಕನ್ನಡಿಯಲ್ಲಿ ಸುಮ್ಮನೆ ನೋಡಿದೆ. ಕೊನೆಯ ಸಾಲಿನ ಮೂಲೆಯಲ್ಲಿ, ಕಿಟಕಿಯ ಪಕ್ಕ, ಚಿಕ್ಕವನು ಟೋಪಿ ಮೂಗಿನವರೆಗೆ ಎಳೆದುಕೊಂಡು ಕೂತಿದ್ದ. ಸುಸ್ತಾಗಿದೆ ಪಾಪ ಅಂದುಕೊಂಡೆ. ಆಮೇಲೆ ನನ್ನ ಕಣ್ಣು, ಹೊಲಿಯುವವರ ಕಣ್ಣು ಹಾಳಾಗಲಿ, ಅವನ ಕೋಟಿನ ಮೇಲೆ ನಿಂತಿತು. ಕೋಟಿಗೆ ಗುಂಡಿ ಇತ್ತು. ದೊಡ್ಡ ಕಂದು ಗುಂಡಿ, ನಾಲ್ಕು. ಮೇಲಿನಿಂದ ಎರಡನೆಯದನ್ನು ಬಿಳಿ ದಾರದಲ್ಲಿ ಹೊಲಿದಿದ್ದರು.

ಬೆಳಗ್ಗೆ ನಾವು ತಂದ ಐದಕ್ಕೂ ಜಿಪ್. ಆ ಅಂಗಡಿಯ ಇಪ್ಪತ್ತೆಂಟಕ್ಕೂ ಜಿಪ್.

ಮಾವನ ತೋಳು ಹಿಡಿದೆ. ಅವರು ನನ್ನ ಮುಖ ನೋಡಿದರು, ಕನ್ನಡಿ ನೋಡಿದರು. ಮುಂದಿನ ತಿರುವಿನ ಅಗಲ ಜಾಗದಲ್ಲಿ ವ್ಯಾನ್ ನಿಲ್ಲಿಸಿ, ಅದುವರೆಗೆ ಇಲ್ಲದ ದನಿ ಎಲ್ಲಿಂದ ಬಂತೋ, ಮಕ್ಕಳೇ ಒಬ್ಬೊಬ್ಬರೇ ತಾತ ಅನ್ನಿ ನೋಡೋಣ ಎಂದರು. ನಾಲ್ಕು ದನಿ ಬಂತು. ನನ್ನ ಮಗಳದ್ದು, ಅಕ್ಕನ ಮೂವರದ್ದು. ಮೂಲೆಯಿಂದ ಬರಲಿಲ್ಲ. ಮಾತಾಡಿದವರೆಲ್ಲ ಮುಂದೆ ಬಂದು ಅಮ್ಮಂದಿರ ಹತ್ತಿರ ಕೂತುಕೊಳ್ಳಿ, ಮಿಠಾಯಿ ಕೊಡ್ತೀನಿ ಎಂದರು. ನಾಲ್ಕೂ ಬಂದವು. ಮೂಲೆಯದು ಕದಲಲಿಲ್ಲ.

ಅಕ್ಕ ಎದ್ದು ಏನಾಯಿತೆಂದಳು. ನಮ್ಮವರು ಕಣ್ಣುಜ್ಜಿಕೊಂಡು ಹಿಂದೆ ತಿರುಗಿ, ಏ ಪುಟ್ಟ, ನೀನೂ ಬಾರೋ ಎನ್ನುತ್ತ ಕೈ ಚಾಚಿದರು. ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡರು. ಏನು ಕಂಡರೆಂದು ನಾನು ಇವತ್ತಿಗೂ ಕೇಳಿಲ್ಲ, ಅವರೂ ಹೇಳಿಲ್ಲ. ಎಲ್ಲದಕ್ಕೂ ತಮಾಷೆ ಮಾಡುವ ಮನುಷ್ಯ ಅವರು.

"ಹಿಂದೆ ನೋಡಬೇಡ," ಎಂದರು ಮಾವ ನನಗೆ. "ನಿನ್ನ ಮಗ ಮೇಲಿದ್ದಾನೆ. ಏನೂ ಆಗಿರಲ್ಲ. ನಾನು ಬೇಗ ಹೋಗ್ತೀನಿ."

ವ್ಯಾನ್ ತಿರುಗಿಸಿದರು. ಇಳಿಯುವ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಎದುರು ಹತ್ತುವುದು ಎಂದರೆ ಸಾವಿನ ಜೊತೆ ಸರಸ. ಎಲ್ಲ ದೀಪ ಹಾಕಿ, ಹಾರನ್ ಒತ್ತಿ ಹಿಡಿದು ಹತ್ತಿದರು. ಇಳಿಯುತ್ತಿದ್ದವರು ಗಾಜು ಇಳಿಸಿ ಬಾಯಿಗೆ ಬಂದಂತೆ ಬೈದರು. ನಾನು ಕನ್ನಡಿ ನೋಡಬಾರದೆಂದು ಕಣ್ಣು ಮುಚ್ಚಿಕೊಂಡಿದ್ದೆ. ಆದರೂ ನನ್ನ ಕತ್ತಿನ ಹಿಂದೆ ಒಂದು ತಣ್ಣನೆಯದು ಕೂತಿದೆ ಎಂದು ಪ್ರತಿ ತಿರುವಿನಲ್ಲೂ ಗೊತ್ತಾಗುತ್ತಿತ್ತು. ನನಗೆ ಅದರ ಮೇಲೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂದಿತ್ತು. ನನ್ನ ಮಗನ ಜಾಗ ಅದು.

ತುದಿಯಲ್ಲಿ ಒಂದು ಗಾಡಿಯೂ ಉಳಿದಿರಲಿಲ್ಲ. ನಮ್ಮ ದೀಪದ ಬೆಳಕಿಗೆ ಕಲ್ಲುಬೆಂಚು ಕಂಡಿತು, ಬೆಂಚಿನ ಪಕ್ಕ ನನ್ನ ಮಗ ನಿಂತಿದ್ದ. ಅಳುತ್ತಿರಲಿಲ್ಲ. ಟೋಪಿಯ ಮೇಲೆ ಸಣ್ಣ ಸಣ್ಣ ನೀರಹನಿ. ನಾನು ಓಡಿಹೋಗಿ ಎತ್ತಿಕೊಂಡು ಎರಡು ಬಾರಿಸಬೇಕೆಂದಿದ್ದವಳು ಬಾರಿಸಲಿಲ್ಲ. ಯಾಕೋ ಹತ್ತಲಿಲ್ಲ ಎಂದು ಕೇಳಿದೆ.

"ನನ್ನ ಸೀಟಲ್ಲಿ ಅವನು ಕೂತಿದ್ನಲ್ಲಮ್ಮ," ಎಂದ. "ಜಾಗ ಇರ್ಲಿಲ್ಲ."

ಮಾವ ಹಿಂದಿನ ಬಾಗಿಲು ತೆರೆದು ನಿಂತಿದ್ದರು. ಒಳಗೆ ಹೋಗಲಿಲ್ಲ, ಬಗ್ಗಿ ನೋಡಲೂ ಇಲ್ಲ. ಯಾರದೋ ಮನೆಯ ಹುಡುಗನಿಗೆ ಹೇಳುವ ಹಾಗೆ ಮೆತ್ತಗೆ, ಇಳಿಯಪ್ಪ, ಇವರ ಮಗು ಬಂತು ಎಂದರು. ಸ್ವಲ್ಪ ಹೊತ್ತಾಯಿತು. ಆಮೇಲೆ ಒಬ್ಬರು ಇಳಿದಾಗ ಏಳುವಷ್ಟು ವ್ಯಾನಿನ ಹಿಂಭಾಗ ಮೇಲೆದ್ದಿತು. ಮಾವ ಬಾಗಿಲು ಹಾಕಿದರು. ಅವರ ಮುಖವೆಲ್ಲ ಒದ್ದೆಯಾಗಿತ್ತು. ಮಂಜಿನಿಂದಲ್ಲ.

ಬುಡದಲ್ಲಿ ಐದು ಕೋಟು, ಐದು ಟೋಪಿ ಬೆಂಚಿನ ಮೇಲಿಟ್ಟೆವು. ಕೋಟಿನಮ್ಮ ಎಣಿಸಿಕೊಂಡು ಸರಿ ಇದೆ ಎಂದರು.

ಸೋಮವಾರ ಮಾವನ ಮನೆಗೆ ಹೋದೆ. ಅಂಗಳದಲ್ಲಿ ಸೀಟುಗಳನ್ನು ಕಳಚಿ ಬಿಸಿಲಿಗೆ ಹಾಕಿದ್ದರು. ನಾನು ಸುಳ್ಳು ಹೇಳಿದೆ ಮಾವ ಎಂದೆ. ಗೊತ್ತು ಎಂದರು. ಬೈಯಲಿಲ್ಲ. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಹೇಳಿದರು.

ಮೊದಲ ಚಳಿಗಾಲದ ಮಾತು. ಆಗ ಅವರ ವ್ಯಾನಿನಲ್ಲೂ ತೊಡೆಯ ಮೇಲಿನ ಮಗು ಲೆಕ್ಕಕ್ಕಿರಲಿಲ್ಲ. ಒಂದು ದೊಡ್ಡ ಸಂಸಾರ ಹತ್ತಿತು. ಒಬ್ಬ ಎಳೆಯ ತಾಯಿ ಮಗನಿಗೂ ಒಂದು ಸೀಟು ಕೇಳಿದಳು. ಮಾವ ನಗುತ್ತ, ತೊಡೆ ಮೇಲೆ ಕೂರಿಸಿಕೊಳ್ಳಮ್ಮ, ತೊಡೆ ಮೇಲಿನ ಮಗು ಲೆಕ್ಕಕ್ಕಿಲ್ಲ ಎಂದರು. ಸೀಟು ಎಣಿಸಿದರು, ಒಂಬತ್ತು. ಸಂಜೆ ಇಳಿಯುವಾಗ ಮಂಜು. ಸೀಟು ಎಣಿಸಿದರು, ಒಂಬತ್ತು. ಮಗು ಹಿಂದೆ ಅತ್ತೆಯ ಹತ್ತಿರ ಇದೆ ಎಂದು ತಾಯಿ ಅಂದುಕೊಂಡಿದ್ದಳು, ತಾಯಿಯ ತೊಡೆಯ ಮೇಲಿದೆ ಎಂದು ಅತ್ತೆ ಅಂದುಕೊಂಡಿದ್ದಳು. ಬುಡಕ್ಕೆ ಬಂದಾಗ ಮಗು ಇರಲಿಲ್ಲ. ಎಂಟು ದಿನ ಹುಡುಕಿದರು, ತಲೆಯ ಮೇಲಿದ್ದ ಕೆಂಪು ಟೋಪಿಯೂ ಸಿಗಲಿಲ್ಲ. ವಿಚಾರಣೆ ಆಯಿತು. ಡ್ರೈವರ್ ಎಣಿಸಿದ್ದಾನೆ, ಲೆಕ್ಕ ಸರಿ ಇತ್ತು ಎಂದು ಮಾವನನ್ನು ಬಿಟ್ಟರು. ಉಳಿದವರು ಊರಿಗೆ ಹೋದರು. ತಾಯಿ ಹೋಗಲಿಲ್ಲ. ಬುಡದ ಅಂಗಡಿಯಲ್ಲಿ ಕೋಟು ಮಡಿಸುವ ಕೆಲಸಕ್ಕೆ ಸೇರಿದಳು, ಆಮೇಲೆ ಅಂಗಡಿ ಅವಳದೇ ಆಯಿತು.

"ಎಣಿಸಲಿಲ್ಲ ಅಂತಲೇ ಬಿಟ್ಟುಹೋಗಿದ್ದು ಅಂತ ಅವನಿಗೆ ಗೊತ್ತು," ಎಂದರು ಮಾವ. "ಅದಕ್ಕೇ ಮಂಜು ಬಿದ್ದಾಗ ಯಾವುದಾದರೂ ಸೀಟಲ್ಲಿ ಬಂದು ಕೂರ್ತಾನೆ, ಎಣಿಸಲಿ ಅಂತ. ಅವನು ಕೂತರೆ ಇನ್ನೊಂದು ಮಗು ಮೇಲೆ ಉಳಿಯುತ್ತೆ. ನಾನು ಇಳಿಸ್ತೀನಿ. ನನ್ನ ಕೆಲಸ ಅದೇ ಆಗೋಯ್ತು."

ಜನ ತಿಳಿದಂತೆ ಯಾರೂ ಮೇಲೆ ಉಳಿಯದಿರಲಿ ಎಂದು ಮಾತ್ರ ಅಲ್ಲ, ಅವನು ಕೆಳಗೆ ಬರದಿರಲಿ ಎಂದೂ ಮಾವ ಎಣಿಸುತ್ತಿದ್ದರು. ಕೋಟಿನಮ್ಮನಿಗೆ ಗೊತ್ತಾ ಎಂದು ಕೇಳಿದೆ. ಅವಳಿಗೆ ಮಾತ್ರ ಹೇಳಬೇಡ ಎಂದು ಮಾವ ನನ್ನ ಕೈ ಹಿಡಿದುಕೊಂಡರು.

ಮೂರು ವಾರ ಬಾಯಿ ಕಟ್ಟಿ ಇಟ್ಟುಕೊಂಡೆ. ನನ್ನ ಮಟ್ಟಿಗೆ ಅದು ದೊಡ್ಡ ತಪಸ್ಸು. ನಾಲ್ಕನೆಯ ವಾರ ಜಿಪ್ ಹಾಕಿದ ಆರು ಕೋಟು ಹಿಂದಿರುಗಿಸಲು ಹೋದೆ. ಮುಂದೆ ಚಿಕ್ಕವನನ್ನು ಕರೆತಂದರೆ ಕಿವಿ ಸರಿಯಾಗಿ ಮುಚ್ಚು, ಗಾಳಿ ಕೆಟ್ಟದು ಎಂದು ಕೋಟಿನಮ್ಮ ಗೋಡೆ ನೋಡುತ್ತ ಹೇಳಿದರು. ಅಷ್ಟೇ. ನನಗೆ ತಡೆಯಲಾಗಲಿಲ್ಲ. ನನ್ನ ಮಗ ನನಗೆ ಸಿಕ್ಕಿದ್ದು ಇವರ ಮಗ ಇಳಿದದ್ದಕ್ಕೆ. ಆ ಋಣ ಹೊಟ್ಟೆಯಲ್ಲಿಟ್ಟುಕೊಂಡು ಇವರ ಕೈಯಿಂದ ಹೇಗೆ ಕೋಟು ಈಸಿಕೊಳ್ಳಲಿ. ಎಲ್ಲ ಹೇಳಿಬಿಟ್ಟೆ.

ಅವರು ಅಳಲಿಲ್ಲ. ಗುಂಡಿ ಎಷ್ಟು ಎಂದು ಕೇಳಿದರು. ನಾಲ್ಕು ಎಂದೆ, ಮೇಲಿನಿಂದ ಎರಡನೆಯದು ಬಿಳಿ ದಾರ ಎಂದೆ.

"ಕಂದು ದಾರ ಸಿಗಲಿಲ್ಲ ಅವತ್ತು," ಎಂದರು. "ಹೊರಡೋ ಅವಸರ."

ಕುರ್ಚಿಯಿಂದ ಎದ್ದು ಅದನ್ನು ಬೆಟ್ಟದ ಕಡೆಗೆ ತಿರುಗಿಸಿ ಕೂತರು. ಮಾವನ ವ್ಯಾನ್ ಬರುವವರೆಗೂ ಹಾಗೇ ಕೂತಿದ್ದರು. ನಾನೂ ಅಲ್ಲೇ ನಿಂತಿದ್ದೆ, ಹೋಗಲು ಧೈರ್ಯವಿಲ್ಲ, ಇರಲು ಮುಖವಿಲ್ಲ. ಮಾವ ಕೋಟುಗಳನ್ನು ಬೆಂಚಿನ ಮೇಲಿಟ್ಟರು. ಕೋಟಿನಮ್ಮ ಎಣಿಸಿಕೊಳ್ಳಲಿಲ್ಲ.

"ಎಷ್ಟು ಸಲ ಇಳಿಸಿದ್ರಿ ನನ್ನ ಮಗನ್ನ?" ಎಂದು ಕೇಳಿದರು.

ಮಾವ ನನ್ನತ್ತ ಒಂದು ಸಲ ನೋಡಿದರು. ಆ ನೋಟಕ್ಕಿಂತ ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು. ಆಮೇಲೆ ತಲೆ ತಗ್ಗಿಸಿ, ಹದಿನೇಳು ಎಂದರು. ಅದನ್ನೂ ಎಣಿಸಿಟ್ಟಿದ್ದರು.

ಮುಂದಿನ ಭಾನುವಾರ ಮಾವ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ವ್ಯಾನ್ ಕೆಟ್ಟಿದೆ ಎಂದು ಸೀಟು ಕಾಯ್ದಿರಿಸಿದವರಿಗೆಲ್ಲ ಹೇಳಿ ಕಳಿಸಿದರು. ಕೋಟಿನಮ್ಮ ಮೂವತ್ತು ವರ್ಷದಲ್ಲಿ ಮೊದಲ ಸಲ ಅಂಗಡಿಗೆ ಬೀಗ ಹಾಕಿ, ಒಂದು ದಪ್ಪ ಶಾಲು ಹೊದ್ದು ಹಿಂದಿನ ಸಾಲಿನಲ್ಲಿ ಕೂತರು. ಬಾಯಿ ಬಿಟ್ಟವಳು ನೀನು, ನೀನೂ ಬಾ ಎಂದು ಮಾವ ನನ್ನನ್ನು ಮುಂದೆ ಕೂರಿಸಿಕೊಂಡರು. ಮನೆಯಲ್ಲಿ ನಮ್ಮವರು ಬೇಡವೆನ್ನಲಿಲ್ಲ. ಚಿಕ್ಕವನನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲವರೆಗೆ ಬಂದು ನಿಂತರು.

ಹತ್ತುವಾಗ ನನಗೆ ಒಂದೇ ಯೋಚನೆ. ಹಿಂದೆ ಕೂತು ಹೋಗುವವರು ಒಬ್ಬರು. ಅವನು ಬಂದು ಕೂತರೆ ಇವರು ಉಳಿಯಬೇಕು. ಉಳಿಯಲೆಂದೇ ಹೋಗುತ್ತಿದ್ದಾರಾ? ಮಾವನಿಗೂ ಅದೇ ಯೋಚನೆ ಇತ್ತೆಂದು ಅವರು ಹಲ್ಲು ಕಚ್ಚಿದ್ದರಲ್ಲೇ ತಿಳಿಯುತ್ತಿತ್ತು. ಇಪ್ಪತ್ತನೆಯ ತಿರುವಿನಲ್ಲಿ ಒಂದೇ ಮಾತು ಹೇಳಿದರು, ನಿಮ್ಮನ್ನ ಬಿಟ್ಟು ನಾನು ಇಳಿಯಲ್ಲ ಎಂದು.

ತುದಿಯಲ್ಲಿ ನಾಲ್ಕಕ್ಕೇ ಮಂಜು ಇಳಿದಿತ್ತು. ಉಳಿದ ಗಾಡಿಗಳು ಹೊರಟುಹೋದವು. ಕೋಟಿನಮ್ಮ ಇಳಿದು ಕಟಕಟೆಯ ಹತ್ತಿರ ಹೋದರು, ಎರಡು ಹೆಜ್ಜೆಗೇ ಕಾಣದಾದರು. ನಾವು ವ್ಯಾನಿನ ಪಕ್ಕ ನಿಂತಿದ್ದೆವು. ಅವರು ಕರೆಯಲಿಲ್ಲ, ಅಳಲಿಲ್ಲ, ಏನೂ ಕೇಳಿಸಲಿಲ್ಲ. ಇಷ್ಟು ಹೊತ್ತು ಏನು ಮಾಡುತ್ತಿದ್ದಾರೆ ಎಂದು ನಾನು ಅತ್ತಲೇ ಕಣ್ಣಿಟ್ಟಿದ್ದೆ. ಆಮೇಲೆ ಮಂಜಿನಿಂದ ಬಂದರು, ಬರಿಗೈಯಲ್ಲಿ, ಒಬ್ಬರೇ. ಬಂದು ತಮ್ಮ ಜಾಗದಲ್ಲಿ ಕೂತರು.

ಮಾವ ಎಣಿಸಲು ಬಾಗಿಲಿಗೆ ಹೋದರು. ಕೋಟಿನಮ್ಮನ ತಲೆಯ ಹತ್ತಿರ ಕೈ ತಂದು ಒಂದು ಎಂದರು. ಅವರು ಹೂಂ ಎಂದರು. ಮಾವನ ಕೈ ಪಕ್ಕದ ಖಾಲಿ ಸೀಟಿನ ಮೇಲೆ ಹೋಯಿತು. ಅಲ್ಲಿ, ಸೀಟಿನಿಂದ ಎರಡು ಗೇಣು ಎತ್ತರದಲ್ಲಿ, ಕೈ ನಿಂತಿತು. ಗಾಳಿಯಲ್ಲಿ ಅಲ್ಲ, ಏನೋ ಒಂದರ ಮೇಲೆ. ಅಂಗೈ ದುಂಡಗೆ ಬಾಗಿತ್ತು.

"ಎರಡು," ಎಂದರು. "ಅಮ್ಮ, ಬರುವಾಗ ಒಂದು. ಈಗ ಎರಡು. ನಾನು ಏನ್ ಮಾಡ್ಲಿ ಹೇಳಿ."

"ಅವನಿಗೆ ಸೀಟು ಬೇಡ," ಎಂದರು ಕೋಟಿನಮ್ಮ. "ತೊಡೆ ಮೇಲೆ ಕೂರ್ತಾನೆ. ತೊಡೆ ಮೇಲಿನ ಮಗು ಲೆಕ್ಕಕ್ಕಿಲ್ಲ ಅಂತ ನೀವೇ ಹೇಳಿದ್ದಲ್ವಾ ಅವತ್ತು."

ಶಾಲು ಬಿಚ್ಚಿ ತೋಳು ಅಗಲಿಸಿದರು. ನಾನು ನೋಡುತ್ತಲೇ ಇದ್ದೆ, ಈ ಸಲ ಕಣ್ಣು ಮುಚ್ಚಲಿಲ್ಲ. ಕಂಡದ್ದು ಏನೂ ಇಲ್ಲ. ಆದರೆ ಅವರ ಮೊಣಕಾಲುಗಳು ಭಾರ ಬಿದ್ದಾಗ ಜರುಗುವ ಹಾಗೆ ಜರುಗಿದವು, ಶಾಲು ಸುತ್ತಿಕೊಂಡಾಗ ಅದು ಎದೆಗೆ ಅಂಟಲಿಲ್ಲ, ಮುಂದೆ ಉಬ್ಬಿ ನಿಂತಿತು. ಮಾವ ಪಕ್ಕದ ಸೀಟಿನ ಮೇಲೆ ಮತ್ತೆ ಕೈಯಾಡಿಸಿದರು. ಕೈ ಸೀಟಿಗೆ ತಾಗಿತು. ಬಾಗಿಲು ಹಾಕುವ ಮುಂಚೆ ಮೂವತ್ತು ವರ್ಷದ ತಮ್ಮ ಕಟ್ಟಳೆ ಮುರಿದು, ಒಂದೇ, ಸರಿ ಇದೆ ಎಂದರು.

ಇಳಿಯುವಾಗ ನಲವತ್ತಮೂರು ತಿರುವನ್ನೂ ಮಾವ ನಿಧಾನ ತೆಗೆದುಕೊಂಡರು, ಹಳ್ಳ ಬಂದರೆ ಬಹುತೇಕ ನಿಲ್ಲಿಸಿಯೇ ದಾಟಿಸಿದರು. ಕನ್ನಡಿಯಲ್ಲಿ ಕೋಟಿನಮ್ಮ ಗಲ್ಲವನ್ನು ಶಾಲಿನ ಮೇಲೆ ಊರಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ನನ್ನ ಕತ್ತಿನ ಹಿಂದೆ ಆವತ್ತಿನ ತಣ್ಣನೆಯದು ಇರಲಿಲ್ಲ. ಅಂಗಡಿಯ ಮುಂದೆ ವ್ಯಾನ್ ನಿಂತಾಗ ಮಾವ ಇಳಿದುಹೋಗಿ ಬೀಗ ತೆರೆದುಕೊಟ್ಟರು, ಏಕೆಂದರೆ ಆಕೆಯ ಎರಡು ಕೈಯೂ ಖಾಲಿ ಇರಲಿಲ್ಲ. ಒಳಗೆ ಹೋಗಿ ಕಾಲಿನಿಂದ ಬಾಗಿಲು ದೂಡಿಕೊಂಡರು.

ಮಾವ ಈಗಲೂ ವ್ಯಾನ್ ಓಡಿಸುತ್ತಾರೆ. ಈಗಲೂ ಎಣಿಸುತ್ತಾರೆ, ಮಂಜಿನ ದಿನ ಕೂಡ ಲೆಕ್ಕ ಕೂಡುತ್ತದೆ. ಚಪ್ಪಲಿ ಎಣಿಸುವುದನ್ನು ಮಾತ್ರ ಬಿಟ್ಟಿದ್ದಾರೆ, ಅವರು ನೇರವಾಗಿ ಬಂದು ಕುರ್ಚಿಯಲ್ಲಿ ಕೂತರೆ ನನಗೇ ಏನೋ ಕಳೆದುಕೊಂಡ ಹಾಗಾಗುತ್ತದೆ. ಮೊನ್ನೆ ಚಳಿ ಶುರುವಾದ ಮೇಲೆ ಐದೂ ಮಕ್ಕಳನ್ನು ಮತ್ತೆ ಕರೆದುಕೊಂಡು ಹೋಗಿ ಸಂಜೆ ಕೋಟು ಹಿಂದಿರುಗಿಸಲು ಅಂಗಡಿಗೆ ಹೋದೆವು. ಮಕ್ಕಳು ಕಿತ್ತಾಡುತ್ತ, ನಾನು ಗದರುತ್ತ, ದೊಡ್ಡ ಗಲಾಟೆಯಲ್ಲೇ ಒಳಗೆ ನುಗ್ಗಿದೆವು. ಕೋಟಿನಮ್ಮ ಒಂದು ಸಣ್ಣ ಕೋಟು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಹಳೆಯದು, ಅಂಗಡಿಯದಲ್ಲ. ಎರಡನೆಯ ಗುಂಡಿಯನ್ನು ಬಿಚ್ಚಿ ಕಂದು ದಾರದಲ್ಲಿ ಹೊಲಿಯುತ್ತಿದ್ದರು. ನಮ್ಮತ್ತ ತಲೆಯೆತ್ತಿ ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ," ಎಂದರು. "ಈಗಷ್ಟೇ ಮಲಗಿದ್ದಾನೆ."

ನಮ್ಮ ಹಿಂದೆ ನಿಂತಿದ್ದ ಮಾವ, ಜೀವಮಾನವಿಡೀ ಮಕ್ಕಳನ್ನು ಮಾತಾಡು ಮಾತಾಡು ಎಂದು ಎಬ್ಬಿಸಿದವರು, ನನ್ನ ಚಿಕ್ಕವನ ಬಾಯಿಯ ಮೇಲೆ ಮೆತ್ತಗೆ ಕೈಯಿಟ್ಟರು. ನಾವು ಕೋಟುಗಳನ್ನು ಸದ್ದು ಮಾಡದೆ ಬೆಂಚಿನ ಮೇಲಿಟ್ಟು, ತುದಿಗಾಲಲ್ಲಿ ಹೊರಗೆ ಬಂದೆವು.